ಮೊದಲು ಬಿಡಾರ, ಆಮೇಲೆ ಪಾಸ್: ಆಲ್ಪ್ಸ್‌ನಲ್ಲಿ ಕಳೆದ ಆರು ದಿನ

2024ರ ಆಗಸ್ಟ್ 28ರಿಂದ ಸೆಪ್ಟೆಂಬರ್ 2ರವರೆಗೆ ನಾವು ನಾಲ್ವರು ಸ್ವಿಟ್ಜರ್‌ಲೆಂಡಿನ ಬರ್ನೀಸ್ ಓಬರ್‌ಲ್ಯಾಂಡ್ ಎಂಬ ಬೆಟ್ಟಸೀಮೆಯಲ್ಲಿ ಇದ್ದು ಬಂದೆವು: ನಾನು, ಯಜಮಾನರು, ಹತ್ತು ವರ್ಷದ ಮಗ ಮತ್ತು ಅರವತ್ತೆಂಟು ವರ್ಷದ ನಮ್ಮ ಅತ್ತೆ. ಸೆಪ್ಟೆಂಬರ್ 6ಕ್ಕೆ ಗೌರಿ ಹಬ್ಬವಿದ್ದುದರಿಂದ ಅದಕ್ಕೆ ಎರಡು ದಿನ ಮೊದಲೇ ಮನೆ ಸೇರಿರಬೇಕೆಂಬುದು ಅತ್ತೆಯವರ ಒಂದೇ ಷರತ್ತಾಗಿತ್ತು; ಹೀಗಾಗಿ ಪ್ರವಾಸದ ಅವಧಿ ಆರು ದಿನಕ್ಕಿಂತ ಹಿಗ್ಗುವಂತಿರಲಿಲ್ಲ. ಇಷ್ಟು ಚಿಕ್ಕ ಪ್ರವಾಸಕ್ಕೆ ಯಾವ ರೈಲು ಪಾಸ್ ಕೊಳ್ಳಬೇಕು, ಯಾವ ಊರಿನಲ್ಲಿ ಉಳಿಯಬೇಕು ಎಂಬುದನ್ನು ನಾನು ಹೇಗೆ ತೀರ್ಮಾನಿಸಿದೆ, ಅದರಲ್ಲಿ ಯಾವುದು ಸರಿಹೋಯಿತು, ಯಾವುದನ್ನು ಬೇರೆ ರೀತಿ ಮಾಡಬಹುದಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶುರುಮಾಡಿದ್ದು ತಪ್ಪು ತುದಿಯಿಂದ. ಸುಮಾರು ಎರಡು ವಾರ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಕುಳಿತು ಪಾಸ್‌ಗಳನ್ನೇ ಹೋಲಿಸುತ್ತಿದ್ದೆ. ದೇಶವಿಡೀ ನಡೆಯುವ ಸ್ವಿಸ್ ಟ್ರಾವೆಲ್ ಪಾಸ್, ಟಿಕೆಟ್ಟುಗಳನ್ನು ಅರ್ಧ ಬೆಲೆಗೆ ಕೊಡಿಸುವ ಹಾಫ್ ಫೇರ್ ಕಾರ್ಡ್, ಆ ಸೀಮೆಗೆ ಮಾತ್ರ ಸಲ್ಲುವ ಬರ್ನರ್ ಓಬರ್‌ಲ್ಯಾಂಡ್ ಪಾಸ್, ಇವುಗಳಲ್ಲಿ ಯಾವುದು ಅಗ್ಗವೆಂದು ಲೆಕ್ಕ ಹಾಕಲು ಹೋದಾಗಲೆಲ್ಲ ಎಲ್ಲಿಂದ ಎಲ್ಲಿಗೆ ಎಂಬ ಪ್ರಶ್ನೆ ಅಡ್ಡ ಬಂದು ಲೆಕ್ಕ ಅಲ್ಲೇ ನಿಲ್ಲುತ್ತಿತ್ತು. ಕೊನೆಗೆ ದಾರಿ ತೋರಿಸಿದ್ದು ವೀಸಾ ಅರ್ಜಿ. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ಪ್ರತಿ ರಾತ್ರಿ ಎಲ್ಲಿ ತಂಗುತ್ತೇವೆಂಬುದಕ್ಕೆ ದಾಖಲೆ ಕೊಡಬೇಕಾಗುತ್ತದೆ. ಪಾಸ್ ತೋರಿಸಬೇಕಾದ ಅಗತ್ಯವಿಲ್ಲ. ಅಂದಮೇಲೆ ಬಿಡಾರ ಯಾವ ಊರಿನಲ್ಲೆಂಬುದು ಹೇಗಿದ್ದರೂ ಮೊದಲು ನಿರ್ಧಾರವಾಗಲೇಬೇಕು. ಹಾಗೆ ಊರು ಗೊತ್ತಾದ ಕೂಡಲೇ, ಎರಡು ವಾರ ಬಗೆಹರಿಯದೆ ಉಳಿದಿದ್ದ ಪಾಸ್‌ನ ಲೆಕ್ಕ ಒಂದೇ ಸಂಜೆಯಲ್ಲಿ ಮುಗಿಯಿತು.

ಬಿಡಾರವನ್ನು ಆರಿಸುವಾಗ ನನ್ನ ಮುಂದಿದ್ದ ಅಳತೆಗೋಲು ಅತ್ತೆಯವರು. ಅವರಿಗೆ ರಕ್ತದೊತ್ತಡವಿದೆ, ಸಮತಟ್ಟಾದ ದಾರಿಯಲ್ಲಿ ಒಂದು ಗಂಟೆ ಆರಾಮವಾಗಿ ನಡೆಯುತ್ತಾರೆ, ಆದರೆ ಏರುದಾರಿಯಲ್ಲಿ ಪೆಟ್ಟಿಗೆ ಎಳೆದುಕೊಂಡು ನಡೆಯಲಾರರು. ಯುಂಗ್‌ಫ್ರಾ ಶಿಖರದ ಪಕ್ಕದಲ್ಲಿ 3,454 ಮೀಟರ್ ಎತ್ತರದಲ್ಲಿರುವ ಯುಂಗ್‌ಫ್ರಾಯೋಕ್ ರೈಲು ನಿಲ್ದಾಣಕ್ಕೆ ಅವರು ಹೋಗುವುದು ಬೇಡವೆಂದು ನಮ್ಮ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಆದರೆ ಅತ್ತೆ ಚಿಕ್ಕಮಗಳೂರಿನವರು. ಮುಳ್ಳಯ್ಯನಗಿರಿಯ ಸುಮಾರು 1,930 ಮೀಟರ್ ಎತ್ತರ ಅವರಿಗೆ ಹೊಸದೇನಲ್ಲ. ಆದ್ದರಿಂದ ಆ ಎತ್ತರದೊಳಗೆ ಯಾವ ಯಾವ ಜಾಗಗಳಿವೆ ಎಂದು ನೋಡಿದಾಗ, ಆಲ್ಪ್ಸ್‌ನ ಅತ್ಯುತ್ತಮ ನೋಟಗಳಲ್ಲಿ ಅನೇಕವು ಅದರೊಳಗೇ ಸಿಗುತ್ತವೆಂಬುದು ನನಗೆ ತಿಳಿಯಿತು. ಮ್ಯೂರೆನ್ 1,638 ಮೀಟರ್, ವೆಂಗೆನ್ 1,274 ಮೀಟರ್, ರಿಗಿ ಶಿಖರ 1,798 ಮೀಟರ್. ಹಿರಿಯರನ್ನು ಕರೆದುಕೊಂಡು ಹೋಗುವವರು ಊರಿನ ಹೆಸರಿನ ಪಕ್ಕದಲ್ಲಿ ಎತ್ತರವನ್ನೂ ಬರೆದಿಟ್ಟುಕೊಂಡರೆ ಅರ್ಧ ಯೋಜನೆ ತಾನಾಗಿಯೇ ರೂಪುಗೊಳ್ಳುತ್ತದೆ.

ಜ್ಯೂರಿಕ್‌ನಲ್ಲಿ ಉಳಿದು ದಿನವೂ ಬೆಟ್ಟಕ್ಕೆ ಹೋಗಿಬರುವ ವಿಚಾರವನ್ನು ಮೊದಲೇ ಕೈಬಿಟ್ಟೆ. ಅಲ್ಲಿಂದ ಇಂಟರ್ಲಾಕೆನ್‌ಗೆ ಎರಡು ಗಂಟೆಯ ದಾರಿ. ಹೋಗಿಬರಲು ದಿನಕ್ಕೆ ನಾಲ್ಕು ಗಂಟೆ ಕಳೆದರೆ ಬೆಟ್ಟದ ಮೇಲೆ ಇರುವುದೆಷ್ಟು ಹೊತ್ತು? ಲೂಸರ್ನ್ ಚೆಂದದ ಊರು, ರಿಗಿ ಮತ್ತು ಪಿಲಾಟುಸ್ ಎರಡಕ್ಕೂ ಹತ್ತಿರ, ಆದರೆ ಯುಂಗ್‌ಫ್ರಾ ಸೀಮೆಗೆ ಅಲ್ಲಿಂದ ಎರಡೂವರೆ ಗಂಟೆಗೆ ಮೀರಿದ ಪ್ರಯಾಣ. ವೆಂಗೆನ್ ಮತ್ತು ಮ್ಯೂರೆನ್ ಕಾರುಗಳಿಲ್ಲದ ಊರುಗಳು. ಬೆಳಿಗ್ಗೆ ಕಿಟಕಿ ತೆರೆದರೆ ಎದುರಿಗೇ ಹಿಮದ ಶಿಖರ ಕಾಣುತ್ತದೆ. ನಾನು ಮತ್ತು ಯಜಮಾನರು ಇಬ್ಬರೇ ಹೋಗಿದ್ದರೆ ಖಂಡಿತ ಅಲ್ಲಿಯೇ ಉಳಿಯುತ್ತಿದ್ದೆವು. ಆದರೆ ಪ್ರತಿ ಸಲ ಕೆಳಗಿಳಿಯಲು ಒಂದು ರೈಲನ್ನೋ ಕೇಬಲ್ ಕಾರನ್ನೋ ಹೆಚ್ಚುವರಿಯಾಗಿ ಹಿಡಿಯಬೇಕು, ಮಳೆ ಬಂದರೆ ಮೋಡದೊಳಗೇ ಕುಳಿತಿರಬೇಕು. ಲೌಟರ್‌ಬ್ರುನೆನ್ ಕಣಿವೆಯ ತಳದಲ್ಲಿದೆ, ಸುಮಾರು 300 ಮೀಟರ್ ಎತ್ತರದಿಂದ ಧುಮುಕುವ ಸ್ಟೌಬಾಕ್ ಜಲಪಾತ ಊರ ಬೀದಿಯಿಂದಲೇ ಕಾಣುತ್ತದೆ. ಆದರೆ ನಾವು ಹುಡುಕುವಷ್ಟರಲ್ಲಿ ಅಡುಗೆಮನೆಯಿರುವ, ನಾಲ್ವರಿಗೆ ಸಾಲುವ ಮನೆಗಳು ಅಲ್ಲಿ ನಮ್ಮ ಬೆಲೆಗೆ ಉಳಿದಿರಲಿಲ್ಲ. ಇಂಟರ್ಲಾಕೆನ್‌ನಲ್ಲಿ ಬೇಕಾದಷ್ಟು ಹೋಟೆಲುಗಳಿವೆ, ಆದರೆ ಪೇಟೆಯ ಗದ್ದಲವೂ ಇದೆ.

ಕೊನೆಗೆ ಆರಿಸಿದ್ದು ವಿಲ್ಡರ್ಸ್ವಿಲ್. ಇಂಟರ್ಲಾಕೆನ್ ಓಸ್ಟ್, ಅಂದರೆ ಪೂರ್ವ ನಿಲ್ದಾಣದಿಂದ ಐದು ನಿಮಿಷದ ರೈಲು ದಾರಿಯಲ್ಲಿರುವ ಹಳ್ಳಿಯಿದು. ಲೌಟರ್‌ಬ್ರುನೆನ್ ಮತ್ತು ಗ್ರಿಂಡೆಲ್ವಾಲ್ಡ್ ಕಡೆಗೆ ಹೋಗುವ ರೈಲುಗಳು ಇಲ್ಲಿ ನಿಲ್ಲುತ್ತವೆ. ನಿಲ್ದಾಣದಿಂದ ನಮ್ಮ ಬಾಡಿಗೆ ಮನೆಗೆ ಸಮತಟ್ಟಾದ ಆರು ನಿಮಿಷದ ನಡಿಗೆ. ಮನೆ ಕಾದಿರಿಸುವಾಗ ನಾನು ಮಾಲೀಕರಿಗೆ ಕೇಳಿದ ಪ್ರಶ್ನೆಗಳು ಮೂರೇ: ನಿಲ್ದಾಣದಿಂದ ಬರುವ ದಾರಿಯಲ್ಲಿ ಏರು ಇದೆಯೇ, ಮನೆಗೆ ಎಷ್ಟು ಮೆಟ್ಟಿಲು, ಅಡುಗೆ ಮಾಡಿಕೊಳ್ಳಲು ಪಾತ್ರೆಗಳು ಇವೆಯೇ. ಆ ಸೀಮೆಯಲ್ಲಿ ನಿಲ್ದಾಣಕ್ಕೆ 400 ಮೀಟರ್ ಎಂದು ಬರೆದಿರುವ ಮನೆ ಕಡಿದಾದ ಏರಿನ ತುದಿಯಲ್ಲಿಯೂ ಇರಬಹುದಾದ್ದರಿಂದ ದೂರಕ್ಕಿಂತ ಏರನ್ನು ಕೇಳಿ ತಿಳಿದುಕೊಳ್ಳುವುದು ಮುಖ್ಯ.

ಒಂದೇ ಊರಿನಲ್ಲಿ ಐದು ರಾತ್ರಿ ಉಳಿಯುವ ಧೈರ್ಯ ನನಗೆ ಬಂದದ್ದು ಅಲ್ಲಿನ ರೈಲುಗಳ ವೇಳಾಪಟ್ಟಿಯನ್ನು ಅರ್ಥಮಾಡಿಕೊಂಡ ಮೇಲೆ. 1982ರಿಂದ ಆ ದೇಶದಲ್ಲಿ ರೈಲುಗಳು ಗಡಿಯಾರದ ಮುಳ್ಳಿಗೆ ಕಟ್ಟಿದಂತೆ ಓಡುತ್ತಿವೆ. ಒಂದು ನಿಲ್ದಾಣದಿಂದ ಒಂಬತ್ತು ಗಂಟೆ ಐದು ನಿಮಿಷಕ್ಕೆ ಹೊರಡುವ ರೈಲು ಹತ್ತು ಗಂಟೆ ಐದು ನಿಮಿಷಕ್ಕೂ, ಹನ್ನೊಂದು ಗಂಟೆ ಐದು ನಿಮಿಷಕ್ಕೂ ಹೊರಡುತ್ತದೆ. ಜೊತೆಗೆ, ದೊಡ್ಡ ನಿಲ್ದಾಣಗಳಲ್ಲಿ ಬೇರೆ ಬೇರೆ ದಿಕ್ಕಿನ ರೈಲುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಸೇರಿ, ಪ್ರಯಾಣಿಕರು ಬದಲಾಯಿಸಿಕೊಂಡ ಮೇಲೆ ಹೊರಡುವಂತೆ ಹೊಂದಿಸಿದ್ದಾರೆ. ಹೀಗಿರುವಾಗ ಒಂದು ರೈಲು ತಪ್ಪಿದರೆ ದಿನವೇ ಹಾಳಾಗುವುದಿಲ್ಲ, ಸ್ವಲ್ಪ ಕಾದರೆ ಇನ್ನೊಂದು ಬರುತ್ತದೆ. ನಮ್ಮಲ್ಲಿಯಂತೆ ತಿಂಗಳುಗಳ ಮೊದಲೇ ಸೀಟು ಕಾದಿರಿಸಬೇಕಾದ ಅಗತ್ಯವೂ ಸಾಮಾನ್ಯ ರೈಲುಗಳಲ್ಲಿಲ್ಲ. ದಿನದ ಯೋಜನೆಯನ್ನು ಆಯಾ ಬೆಳಿಗ್ಗೆ ಆಕಾಶ ನೋಡಿ ಮಾಡಬಹುದು ಎಂಬುದು ಇದರಿಂದ ಸಾಧ್ಯವಾಗುತ್ತದೆ, ಮತ್ತು ಬೆಟ್ಟದ ಪ್ರವಾಸದಲ್ಲಿ ಅದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ಈಗ ಪಾಸ್‌ನ ಲೆಕ್ಕ. ಆ ವರ್ಷ ಎರಡನೇ ದರ್ಜೆಯ ಸ್ವಿಸ್ ಟ್ರಾವೆಲ್ ಪಾಸ್‌ನ ಬೆಲೆ ಮೂರು ದಿನಕ್ಕೆ 244 ಫ್ರಾಂಕ್, ನಾಲ್ಕು ದಿನಕ್ಕೆ 295, ಆರು ದಿನಕ್ಕೆ 379, ಎಂಟು ದಿನಕ್ಕೆ 419 ಇತ್ತು. ಒಂದು ತಿಂಗಳು ನಡೆಯುವ ಹಾಫ್ ಫೇರ್ ಕಾರ್ಡಿಗೆ 120 ಫ್ರಾಂಕ್. ಫ್ರಾಂಕ್ ಒಂದಕ್ಕೆ ಸುಮಾರು ನೂರು ರೂಪಾಯಿ ಎಂದಿಟ್ಟುಕೊಂಡು ನಾನು ಎಲ್ಲ ಲೆಕ್ಕ ಮಾಡಿದೆ. ಈ ಬೆಲೆಗಳು ವರ್ಷವರ್ಷವೂ ಬದಲಾಗುವುದರಿಂದ ಓದುವವರು ಅಂಕಿಗಳಿಗಿಂತ ಲೆಕ್ಕದ ವಿಧಾನಕ್ಕೆ ಹೆಚ್ಚು ಗಮನ ಕೊಡಬೇಕೆಂದು ಕೋರುತ್ತೇನೆ.

ವಿಧಾನ ಸರಳವಾದದ್ದು. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಆರು ದಿನಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿ ದಿನ ಆಗುವ ಓಡಾಟಗಳ ಅರ್ಧ ಬೆಲೆಯನ್ನು ಸ್ವಿಸ್ ರೈಲ್ವೆಯ ಆ್ಯಪ್‌ನಲ್ಲಿ ನೋಡಿ ಎದುರಿಗೆ ಬರೆದುಕೊಂಡೆ. ಜ್ಯೂರಿಕ್ ವಿಮಾನ ನಿಲ್ದಾಣದಿಂದ ವಿಲ್ಡರ್ಸ್ವಿಲ್‌ಗೆ ಸುಮಾರು 40 ಫ್ರಾಂಕ್. ಮ್ಯೂರೆನ್‌ಗೆ ಹೋಗಿಬರಲು 18ರ ಹತ್ತಿರ, ಗ್ರಿಂಡೆಲ್ವಾಲ್ಡ್‌ಗೆ 12, ವೆಂಗೆನ್‌ಗೆ 14 ಅಥವಾ 15. ಬ್ರಿಯೆಂಜ್ ಸರೋವರದ ಹಡಗು ಮತ್ತು ಹಿಂದಿರುಗುವ ರೈಲು ಬಸ್ಸು ಸೇರಿ 25. ಲೂಸರ್ನ್‌ಗೆ 17, ಅಲ್ಲಿಂದ ಹಡಗಿನಲ್ಲಿ ಹೋಗಿ ರಿಗಿ ಹತ್ತಿ ಬರಲು 55ರ ಸುಮಾರು, ಕೊನೆಗೆ ವಿಮಾನ ನಿಲ್ದಾಣಕ್ಕೆ 16. ಇವೆಲ್ಲ ಕೂಡಿದರೆ 200ರ ಆಸುಪಾಸು. ಕಾರ್ಡಿನ 120 ಸೇರಿಸಿದರೆ 320. ಇದೇ ಓಡಾಟಕ್ಕೆ ಆರು ದಿನದ ಟ್ರಾವೆಲ್ ಪಾಸ್ 379. ಅಂದರೆ ಎಲ್ಲರೂ ಕಣ್ಣು ಮುಚ್ಚಿ ಕೊಳ್ಳುವ ದೊಡ್ಡ ಪಾಸ್ ನಮ್ಮ ಹಾಳೆಯ ಪ್ರಕಾರ ಒಬ್ಬರಿಗೆ 60 ಫ್ರಾಂಕ್, ಸುಮಾರು ಆರು ಸಾವಿರ ರೂಪಾಯಿಯಷ್ಟು ದುಬಾರಿ.

ಇದು ಯಾಕೆ ಹೀಗೆಂದು ಯೋಚಿಸಿದಾಗ ಕಾರಣ ಹೊಳೆಯಿತು. ದೇಶವಿಡೀ ನಡೆಯುವ ಪಾಸ್‌ನ ಬೆಲೆ ಹುಟ್ಟುವುದು ದೂರದ ಪ್ರಯಾಣಗಳಿಂದ. ದಿನಕ್ಕೊಂದು ಊರು ಬದಲಿಸುತ್ತ ಸಾಗುವವರಿಗೆ ಅದು ಮೂರೇ ದಿನದಲ್ಲಿ ಹಣ ತೀರಿಸಿಬಿಡುತ್ತದೆ. ಬೆಟ್ಟದ ಬುಡದಲ್ಲೇ ಬಿಡಾರ ಹೂಡಿ ಅರ್ಧ ಗಂಟೆಯ ಸುತ್ತಳತೆಯಲ್ಲಿ ತಿರುಗುವವರ ದಿನದ ಟಿಕೆಟ್ಟು ಹತ್ತಿಪ್ಪತ್ತು ಫ್ರಾಂಕಿನೊಳಗೇ ಇರುತ್ತದೆ. ಅವರಿಗೆ ದೊಡ್ಡ ಖರ್ಚೆಂದರೆ ಮೇಲಕ್ಕೆ ಹತ್ತುವ ಬೆಟ್ಟದ ರೈಲು ಮತ್ತು ಕೇಬಲ್ ಕಾರು. ಆ ಖರ್ಚಿನಲ್ಲಿ ಟ್ರಾವೆಲ್ ಪಾಸ್ ಎಲ್ಲೆಡೆ ಒಂದೇ ರೀತಿ ನೆರವಾಗುವುದಿಲ್ಲ. ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೂಸ್ ಬೆಟ್ಟಗಳು ಪಾಸ್‌ನಲ್ಲೇ ಅಡಕವಾಗಿವೆ. ಹೆಚ್ಚಿನ ಉಳಿದ ಬೆಟ್ಟಗಳಿಗೆ ಅರ್ಧ ಬೆಲೆ. ಯುಂಗ್‌ಫ್ರಾಯೋಕ್‌ಗೆ ಮಾತ್ರ ಗ್ರಿಂಡೆಲ್ವಾಲ್ಡ್ ಅಥವಾ ವೆಂಗೆನ್‌ನಿಂದ ಮೇಲಕ್ಕೆ ಕಾಲುಭಾಗ ರಿಯಾಯಿತಿ. ಹಾಫ್ ಫೇರ್ ಕಾರ್ಡಿಗೆ ಅಲ್ಲಿಯೂ ಪೂರ್ತಿ ಅರ್ಧ ಸಿಗುತ್ತದೆ. ಹೋಗಿಬರುವ ಟಿಕೆಟ್ಟು 200 ಫ್ರಾಂಕಿಗೂ ಹೆಚ್ಚಿರುವ ಆ ಒಂದೇ ಬೆಟ್ಟ ನಿಮ್ಮ ಪಟ್ಟಿಯಲ್ಲಿದ್ದರೆ ತಕ್ಕಡಿ ಹಾಫ್ ಫೇರ್ ಕಡೆಗೆ ವಾಲುತ್ತದೆ.

ಬರ್ನರ್ ಓಬರ್‌ಲ್ಯಾಂಡ್ ಪಾಸ್ ಅನ್ನೂ ನಾನು ಬಹಳ ಹೊತ್ತು ತೂಗಿ ನೋಡಿದೆ. ಅದು ಬರ್ನ್ ಮತ್ತು ಲೂಸರ್ನ್ ವರೆಗೂ ನಡೆಯುತ್ತದೆ, ಫಿರ್ಸ್ಟ್, ಮೆನ್ಲಿಖೆನ್, ಶೀನಿಗೆ ಪ್ಲಾಟ್ಟೆ, ನೀಸೆನ್‌ನಂಥ ಬೆಟ್ಟಗಳನ್ನು ಹತ್ತಿಸುವ ವಾಹನಗಳೂ ಅದರಲ್ಲಿ ಸೇರಿರುತ್ತವೆ. ದಿನಕ್ಕೊಂದು ಬೆಟ್ಟ ಹತ್ತುವ ಯುವಕರ ಗುಂಪಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಜ್ಯೂರಿಕ್ ವಿಮಾನ ನಿಲ್ದಾಣದ ದಾರಿ ಮತ್ತು ರಿಗಿ ಅದರ ಹೊರಗಿವೆ, ಅತ್ತೆ ದಿನಬಿಟ್ಟು ದಿನ ಮಾತ್ರ ಎತ್ತರಕ್ಕೆ ಹೋಗಬಲ್ಲವರು. ಮುಂಗಡವಾಗಿ ಕೊಂಡರೆ ಅಗ್ಗವಾಗಿ ಸಿಗುವ ಸೇವರ್ ಡೇ ಪಾಸ್ ಎಂಬ ಒಂದು ದಿನದ ಟಿಕೆಟ್ಟೂ ಇದೆ. ಹಾಫ್ ಫೇರ್ ಕಾರ್ಡ್ ಇದ್ದವರಿಗೆ ಅದು ಆಗ 29 ಫ್ರಾಂಕಿನಿಂದ ಶುರುವಾಗುತ್ತಿತ್ತು. ದಿನಾಂಕ ಕದಲದ ದೂರಪ್ರಯಾಣವಿದ್ದರೆ ಅದು ಒಳ್ಳೆಯದು. ನನಗೆ ಮಾತ್ರ ಬೆಟ್ಟದ ದಿನಗಳನ್ನು ಒಂದು ತಿಂಗಳ ಮೊದಲೇ ಕಟ್ಟಿಹಾಕಲು ಮನಸ್ಸಾಗಲಿಲ್ಲ.

ಎಲ್ಲರೂ ಒಂದೇ ಬಗೆಯ ಪಾಸ್ ಕೊಳ್ಳಬೇಕೆಂಬ ನಿಯಮವೇನೂ ಇಲ್ಲ ಎಂಬುದು ನನಗೆ ತಡವಾಗಿ ಹೊಳೆದ ವಿಷಯ. ಯುಂಗ್‌ಫ್ರಾಯೋಕ್‌ಗೆ ಯಜಮಾನರು ಮತ್ತು ಮಗ ಹೋಗುವುದು, ನಾನು ಅತ್ತೆಯವರೊಂದಿಗೆ ಕೆಳಗೆ ಉಳಿಯುವುದು ಎಂದು ತೀರ್ಮಾನವಾದ ಮೇಲೆ ಯಜಮಾನರಿಗೆ ಹಾಫ್ ಫೇರ್ ಕಾರ್ಡ್, ನನಗೂ ಅತ್ತೆಯವರಿಗೂ ಆರು ದಿನದ ಟ್ರಾವೆಲ್ ಪಾಸ್ ಕೊಂಡೆವು. ಮಗನಿಗೆ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಬಂತು. ಆರರಿಂದ ಹದಿನಾರು ವರ್ಷದೊಳಗಿನ ಮಕ್ಕಳು ಪಾಸ್ ಅಥವಾ ಕಾರ್ಡ್ ಇರುವ ಅಪ್ಪನೊಂದಿಗೋ ಅಮ್ಮನೊಂದಿಗೋ ಪ್ರಯಾಣಿಸಿದರೆ ಅವರಿಗೆ ಟಿಕೆಟ್ಟಿಲ್ಲ. ಅಜ್ಜಿಯೊಂದಿಗೆ ಮಾತ್ರ ಹೋದರೆ ಆ ಕಾರ್ಡ್ ಸಲ್ಲುವುದಿಲ್ಲ. ಮೊಮ್ಮಗನನ್ನು ಕರೆದುಕೊಂಡು ತಾನೊಬ್ಬಳೇ ಹಡಗಿನಲ್ಲಿ ಸುತ್ತಿಬರಬೇಕೆಂದು ಆಸೆಪಟ್ಟಿದ್ದ ಅತ್ತೆಯವರಿಗೆ ಇದನ್ನು ಮೊದಲೇ ಹೇಳಬೇಕಾಯಿತು.

ಹಾಳೆಯ ಪ್ರಕಾರ 60 ಫ್ರಾಂಕ್ ಹೆಚ್ಚೆಂದು ಗೊತ್ತಿದ್ದೂ ನಮ್ಮಿಬ್ಬರಿಗೆ ಟ್ರಾವೆಲ್ ಪಾಸ್ ಕೊಂಡದ್ದೇಕೆ ಎಂದರೆ, ಅತ್ತೆ ಪ್ರತಿ ಟಿಕೆಟ್ಟಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡುವವರು. "ನಾನು ಇಲ್ಲೇ ಕೂತಿರ್ತೀನಿ, ನೀವು ಹೋಗಿ ಬನ್ನಿ" ಎಂಬ ಮಾತು ಅವರ ಬಾಯಿಂದ ದಿನಕ್ಕೆ ಎರಡು ಸಲವಾದರೂ ಬರುತ್ತದೆಂದು ನನಗೆ ಗೊತ್ತಿತ್ತು. ಎಲ್ಲಕ್ಕೂ ಮೊದಲೇ ಹಣ ಕಟ್ಟಿಯಾಗಿದೆ, ಹತ್ತಿದರೂ ಹತ್ತದಿದ್ದರೂ ಅಷ್ಟೇ ಎಂದು ಹೇಳಿದಾಗ ಅವರು ನಿರಾಳವಾಗಿ ಬಸ್ಸು, ರೈಲು, ಹಡಗು ಎಲ್ಲವನ್ನೂ ಹತ್ತಿದರು. ಆ ಆರು ಸಾವಿರ ರೂಪಾಯಿ ನನಗೆ ಭಾರವೆನಿಸಲಿಲ್ಲ.

ವಿಮಾನ ಮಧ್ಯಾಹ್ನ ಒಂದರ ಹೊತ್ತಿಗೆ ಇಳಿಯಿತು, ಸಂಜೆ ಐದರೊಳಗೆ ನಾವು ಮನೆಯಲ್ಲಿದ್ದೆವು. ಮಧ್ಯಾಹ್ನ ಇಳಿಯುವವರು ಆ ದಿನವನ್ನು ಪಾಸ್‌ಗೆ ಸೇರಿಸಬೇಕೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಾರೆ. ಪಾಸ್‌ನ ದಿನಗಳು ಒಂದರ ಹಿಂದೊಂದು ಸಾಗುವ ಕ್ಯಾಲೆಂಡರ್ ದಿನಗಳು. ಅರ್ಧ ದಿನ ಹೋದರೂ ಒಂದು ದಿನವೇ ಲೆಕ್ಕ. ಆದರೆ ಆ ಅರ್ಧ ದಿನದಲ್ಲೇ ನಮ್ಮ ಪಾಸ್‌ನಲ್ಲಿ ಸೇರುವ ಅತಿ ದುಬಾರಿ ರೈಲು ಟಿಕೆಟ್ಟು ಇದ್ದುದರಿಂದ ಅದನ್ನು ಬಿಡುವಂತಿರಲಿಲ್ಲ. ಇಂಟರ್ಲಾಕೆನ್ ಓಸ್ಟ್ ನಿಲ್ದಾಣದ ಎದುರಿಗಿರುವ ಕೋಪ್ ಅಂಗಡಿಯಲ್ಲಿ ಹಾಲು, ಮೊಸರು, ಅಕ್ಕಿ, ತರಕಾರಿ ಕೊಂಡುಕೊಂಡೇ ವಿಲ್ಡರ್ಸ್ವಿಲ್ ರೈಲು ಹತ್ತಿದೆವು. ಬೇಳೆ, ಸಾರಿನ ಪುಡಿ, ಉಪ್ಪಿನಕಾಯಿ ನಮ್ಮ ಪೆಟ್ಟಿಗೆಯಲ್ಲಿದ್ದವು. ಬಿಡಾರ ಒಂದೇ ಆಗಿದ್ದರಿಂದ ಮೊದಲ ದಿನ ತಂದ ಸಾಮಾನು ಕೊನೆಯ ದಿನದವರೆಗೂ ಬಂತು. ಊರು ಬದಲಿಸುತ್ತಿದ್ದರೆ ಇದು ಆಗುತ್ತಿರಲಿಲ್ಲ.

ಮರುದಿನ ಗುರುವಾರ ಬೆಳಿಗ್ಗೆ ಏಳಕ್ಕೆ ಎದ್ದು ಮೊದಲು ನೋಡಿದ್ದು ಯುಂಗ್‌ಫ್ರಾಯೋಕ್‌ನ ವೆಬ್‌ಕ್ಯಾಮ್. ಮೇಲೆ ಆಕಾಶ ತೊಳೆದಿಟ್ಟಂತಿತ್ತು. ಯಜಮಾನರು ಆ ಕ್ಷಣವೇ ಟಿಕೆಟ್ಟು ಕೊಂಡು ಮಗನೊಂದಿಗೆ ಹೊರಟರು. ಅಷ್ಟು ದುಬಾರಿಯ ಟಿಕೆಟ್ಟನ್ನು ಮೋಡ ನೋಡಲು ಕೊಳ್ಳಬಾರದು. ಬೆಳಗಿನ ವೆಬ್‌ಕ್ಯಾಮ್ ನೋಡದೆ ಅದನ್ನು ಕೊಳ್ಳಲೇಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವರಿಬ್ಬರೂ ಗ್ರಿಂಡೆಲ್ವಾಲ್ಡ್ ಟರ್ಮಿನಲ್‌ನಿಂದ 2020ರ ಡಿಸೆಂಬರ್‌ನಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರಿನಲ್ಲಿ ಹದಿನೈದು ನಿಮಿಷಕ್ಕೆ ಹಿಮನದಿಯ ಅಂಚು ಮುಟ್ಟಿ, ಅಲ್ಲಿಂದ 1912ರಲ್ಲಿ ಪೂರ್ಣಗೊಂಡ ಸುರಂಗದ ರೈಲಿನಲ್ಲಿ ಮೇಲೆ ಹೋದರು. ಇಳಿಯುವಾಗ ಕ್ಲೈನೆ ಶೈಡೆಗ್, ವೆಂಗೆನ್ ದಾರಿ ಹಿಡಿದು ಬಂದರು.

ನಾನು ಮತ್ತು ಅತ್ತೆ ಲೌಟರ್‌ಬ್ರುನೆನ್‌ಗೆ ಹೋಗಿ, ನಿಲ್ದಾಣದ ಎದುರಿನಿಂದಲೇ ಹೊರಡುವ ಕೇಬಲ್ ಕಾರಿನಲ್ಲಿ ಗ್ರುಟ್ಶಾಲ್ಪ್‌ಗೆ ಏರಿ, ಬಂಡೆಯ ಅಂಚಿನಲ್ಲಿ ಕಾಲು ಗಂಟೆ ಸಾಗುವ ಪುಟ್ಟ ರೈಲಿನಲ್ಲಿ ಮ್ಯೂರೆನ್ ಸೇರಿದೆವು. ಇಷ್ಟೂ ನಮ್ಮ ಪಾಸ್‌ನಲ್ಲೇ ಸೇರಿತ್ತು. ರೈಲಿನ ಎಡಗಡೆ ಕುಳಿತರೆ ಕಣಿವೆಯಾಚೆ ಐಗರ್, ಮೋಂಖ್, ಯುಂಗ್‌ಫ್ರಾ ಮೂರೂ ಶಿಖರಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅತ್ತೆ ಊರ ಬೀದಿಯಲ್ಲಿ ಒಂದು ಮರದ ಬೆಂಚಿನ ಮೇಲೆ ಕುಳಿತು, 4,158 ಮೀಟರಿನ ಯುಂಗ್‌ಫ್ರಾವನ್ನು ಒಂದೂವರೆ ಗಂಟೆ ಮಾತಿಲ್ಲದೆ ನೋಡಿದರು. ಮೇಲಕ್ಕೆ ಹೋದವರು ಆ ಶಿಖರದ ಹೆಗಲಿನ ಮೇಲೆ ನಿಂತಿದ್ದರು. ಶಿಖರದ ಇಡೀ ಆಕಾರ ಕಂಡದ್ದು ಕೆಳಗಿದ್ದ ನಮಗೆ. ಹಿರಿಯರನ್ನು ಯುಂಗ್‌ಫ್ರಾಯೋಕ್‌ಗೆ ಕರೆದೊಯ್ಯಲಾಗಲಿಲ್ಲವೆಂದು ಕೊರಗುವವರಿಗೆ ಮ್ಯೂರೆನ್ ನಿಜವಾದ ಸಮಾಧಾನ ಕೊಡುತ್ತದೆ.

ಶುಕ್ರವಾರ ಗ್ರಿಂಡೆಲ್ವಾಲ್ಡ್‌ಗೆ ಹೊರಟಾಗ ನಡೆದ ಒಂದು ಗೊಂದಲವನ್ನು ಹೇಳಲೇಬೇಕು. ಇಂಟರ್ಲಾಕೆನ್‌ನಿಂದ ಬರುವ ರೈಲು ಒಂದೇ ಆದರೂ ಅದು ಎರಡು ತುಂಡು. ಸ್ವೈಲ್ಯುಟ್ಶಿನೆನ್ ಎಂಬ ಪುಟ್ಟ ನಿಲ್ದಾಣದಲ್ಲಿ ಅದು ಬೇರ್ಪಟ್ಟು ಒಂದು ಭಾಗ ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್ವಾಲ್ಡ್‌ಗೆ ಹೋಗುತ್ತದೆ. ಅಂದು ಜನ ಹೆಚ್ಚಿದ್ದರು. ಯಜಮಾನರೂ ಮಗನೂ ಒಂದು ಬಾಗಿಲಿನಲ್ಲಿ ಹತ್ತಿದರು, ನಾನು ಅತ್ತೆಯವರನ್ನು ಕರೆದುಕೊಂಡು ಖಾಲಿ ಸೀಟು ಕಂಡ ಇನ್ನೊಂದು ಡಬ್ಬಿಗೆ ಹತ್ತಿದೆ. ಹಿಂದಿನ ದಿನ ಇದೇ ರೈಲಿನಲ್ಲಿ ಹೋಗಿದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಸ್ವೈಲ್ಯುಟ್ಶಿನೆನ್ ಹತ್ತಿರ ಬಂದಾಗ ಡಬ್ಬಿಯೊಳಗಿನ ಪರದೆಯ ಮೇಲೆ ಲೌಟರ್‌ಬ್ರುನೆನ್ ಎಂದು ಓದಿದೆ. ಅತ್ತೆಯವರ ಕೈ ಹಿಡಿದು ಇಳಿದು ಪ್ಲಾಟ್‌ಫಾರ್ಮ್ ಮೇಲೆ ನಡೆದು ಸರಿಯಾದ ಭಾಗಕ್ಕೆ ಹತ್ತುವಷ್ಟು ಸಮಯ ಅಲ್ಲಿ ಸಿಕ್ಕಿತು. ನಮ್ಮ ಪಾಸ್‌ಗಳು ನಮ್ಮ ಹತ್ತಿರವೇ ಇದ್ದುದರಿಂದ ಅಕಸ್ಮಾತ್ ಆ ರೈಲಿನಲ್ಲೇ ಮುಂದೆ ಹೋಗಿದ್ದರೂ ತೊಂದರೆಯಾಗುತ್ತಿರಲಿಲ್ಲ. ಒಬ್ಬರ ಫೋನಿನಲ್ಲೇ ಎಲ್ಲರ ಟಿಕೆಟ್ಟುಗಳನ್ನು ಇಟ್ಟುಕೊಳ್ಳುವ ಕುಟುಂಬಗಳು ಇದನ್ನು ಗಮನಿಸಬೇಕು. ಅತ್ತೆಯವರ ಪಾಸ್ ಅನ್ನು ನಾನು ಕಾಗದದಲ್ಲಿ ಮುದ್ರಿಸಿ ಪಾಸ್‌ಪೋರ್ಟಿನೊಂದಿಗೆ ಅವರ ಕೈಚೀಲದಲ್ಲಿಟ್ಟಿದ್ದೆ. ಪರೀಕ್ಷಕರು ಆ ಹಾಳೆಯ ಚೌಕ ಸಂಕೇತಕ್ಕೆ ಯಂತ್ರ ಹಿಡಿದು, ಕೆಲವೊಮ್ಮೆ ಪಾಸ್‌ಪೋರ್ಟ್ ನೋಡಿ ಮುಂದೆ ಹೋಗುತ್ತಿದ್ದರು.

ಯಜಮಾನರು ಮಾತ್ರ ಪ್ರತಿ ಸಲ ರೈಲು ಹೊರಡುವ ಮೊದಲೇ ಆ್ಯಪ್‌ನಲ್ಲಿ ಟಿಕೆಟ್ಟು ಕೊಳ್ಳಬೇಕಿತ್ತು. ಹಾಫ್ ಫೇರ್ ಕಾರ್ಡಿನವರು ಆ್ಯಪ್‌ನಲ್ಲಿ ತಮ್ಮ ಹೆಸರಿನ ಕೆಳಗೆ ಆ ಕಾರ್ಡನ್ನು ಆರಿಸಿಟ್ಟಿರಬೇಕು, ಇಲ್ಲದಿದ್ದರೆ ಪೂರ್ಣ ಬೆಲೆ ತೋರಿಸುತ್ತದೆ. ಎರಡನೇ ದಿನಕ್ಕೆ ಅದು ಅವರಿಗೆ ಕೈಗೆ ಹತ್ತಿತು.

ಶನಿವಾರ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಮುನ್ಸೂಚನೆ ಇತ್ತು. ಬೆಟ್ಟದ ಯೋಜನೆ ಬಿಟ್ಟು ಬೆಳಿಗ್ಗೆಯೇ ಇಂಟರ್ಲಾಕೆನ್ ಓಸ್ಟ್ ಹಿಂಬದಿಯ ಕಟ್ಟೆಯಿಂದ ಹಡಗು ಹಿಡಿದು, ಹಸಿರುನೀಲಿ ಬಣ್ಣದ ಸರೋವರದ ಮೇಲೆ ಬ್ರಿಯೆಂಜ್‌ಗೆ ಹೋದೆವು. ಅಲ್ಲಿಂದ ಬಸ್ಸಿನಲ್ಲಿ ಬಾಲೆನ್‌ಬೆರ್ಗ್ ಎಂಬ ಬಯಲು ವಸ್ತುಸಂಗ್ರಹಾಲಯ ಸಿಗುತ್ತದೆ. ದೇಶದ ಬೇರೆ ಬೇರೆ ಭಾಗಗಳ ನೂರಕ್ಕೂ ಹೆಚ್ಚು ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ಕಟ್ಟಿದ್ದಾರೆ. ಇದು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಟ್ರಾವೆಲ್ ಪಾಸ್‌ನಲ್ಲಿ ವಸ್ತುಸಂಗ್ರಹಾಲಯಗಳ ಪ್ರವೇಶವೂ ಸೇರಿರುವುದರಿಂದ ನಮ್ಮಿಬ್ಬರಿಗೆ ಟಿಕೆಟ್ಟಿಲ್ಲ, ಯಜಮಾನರು ಹಣ ಕೊಟ್ಟರು. ಒಂದು ರೈತನ ಮನೆಯೊಳಗೆ ಚಿಮಣಿಯಿಲ್ಲದ ಅಡುಗೆಮನೆ ಇತ್ತು, ತೊಲೆಗಳೆಲ್ಲ ಹೊಗೆಗೆ ಕಪ್ಪಾಗಿ ಹೊಳೆಯುತ್ತಿದ್ದವು. ಅತ್ತೆ ತಲೆಯೆತ್ತಿ ನೋಡಿ, "ನಮ್ಮ ಅಜ್ಜಿ ಮನೆ ಅಟ್ಟ ಹೀಗೇ ಇತ್ತು, ಒಲೆ ಮೇಲೆ ಅಡಿಕೆ ಮೂಟೆ ಇಡ್ತಿದ್ರು" ಎಂದು ಮೊಮ್ಮಗನಿಗೆ ಹೇಳತೊಡಗಿದರು. ಮಳೆ ಬಂದದ್ದು ನಾವು ಹಿಂದಿರುಗುವ ರೈಲಿನಲ್ಲಿ ಕುಳಿತ ಮೇಲೆ.

ಭಾನುವಾರ ವೆಂಗೆನ್‌ಗೆ ಹೋಗಿ ಬೇಗ ಹಿಂದಿರುಗಿದೆವು. ಅಂದು ಊರಿನ ಅಂಗಡಿಗಳು ಮುಚ್ಚಿರುತ್ತವೆ, ಬೇಕಾದದ್ದನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕು. ಸ್ಥಳೀಯ ಬಸ್ಸುಗಳಿಗೆ ಮನೆಯವರು ಕೊಡುವ ಅತಿಥಿ ಕಾರ್ಡ್ ಸಾಕಾಗುತ್ತದೆ ಎಂಬುದು ಯಜಮಾನರಿಗೆ ಉಪಯೋಗಕ್ಕೆ ಬಂತು.

ಕೊನೆಯ ದಿನ ಸೋಮವಾರ ರಾತ್ರಿ ಹತ್ತರ ಹೊತ್ತಿಗೆ ವಿಮಾನ. ಬಂದ ದಾರಿಯಲ್ಲೇ ಹಿಂದಿರುಗುವ ಬದಲು ಬ್ರೂನಿಗ್ ಕಣಿವೆಮಾರ್ಗದ ರೈಲಿನಲ್ಲಿ ಲೂಸರ್ನ್‌ಗೆ ಹೋಗಿ, ಪೆಟ್ಟಿಗೆಗಳನ್ನು ನಿಲ್ದಾಣದ ಲಾಕರ್‌ನಲ್ಲಿಟ್ಟು, ಹಡಗಿನಲ್ಲಿ ಒಂದು ಗಂಟೆ ಸಾಗಿ ವಿಟ್ಸ್‌ನೌ ಸೇರಿ, ಅಲ್ಲಿಂದ ರಿಗಿ ಹತ್ತಿದೆವು. 1871ರಲ್ಲಿ ಶುರುವಾದ ಈ ಹಲ್ಲುಹಳಿಯ ರೈಲು ಯೂರೋಪಿನ ಮೊದಲ ಬೆಟ್ಟದ ರೈಲು. ಹಳಿಗಳ ನಡುವಿನ ಹಲ್ಲುಗಳನ್ನು ನೋಡಿದ ಕೂಡಲೇ ಮಗನಿಗೆ ಊಟಿಯ ರೈಲು ನೆನಪಾಯಿತು. ಆ ನೀಲಗಿರಿ ರೈಲಿನ ಹಳೆಯ ಉಗಿ ಎಂಜಿನುಗಳು ಇದೇ ದೇಶದ ವಿಂಟರ್ಥುರ್‌ನಲ್ಲಿ ತಯಾರಾದವು ಎಂದು ಅವನಪ್ಪ ಹೇಳಿದಾಗ ಅವನು ಹಳಿಯ ಪಕ್ಕದಿಂದ ಕದಲಲೇ ಇಲ್ಲ. ಈ ಒಂದು ದಿನದಲ್ಲಿ ರೈಲು, ಹಡಗು, ಬೆಟ್ಟ ಎಲ್ಲವೂ ಪಾಸ್‌ನಲ್ಲೇ ನಡೆದವು. ಪಾಸ್‌ನ ಬೆಲೆ ನಿಜವಾಗಿ ಹೊರಬಂದದ್ದು ಆವತ್ತು. ಆದರೆ ಅತ್ತೆಯವರಿಗೆ ಅದು ದೀರ್ಘವಾದ ದಿನ. ಆರ್ಟ್-ಗೋಲ್ಡೌಗೆ ಇಳಿದು ಲೂಸರ್ನ್‌ಗೆ ಮರಳುವಾಗ ಅವರು ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದರು. ಇನ್ನೊಮ್ಮೆ ಹೋದರೆ ವಿಲ್ಡರ್ಸ್ವಿಲ್‌ನಲ್ಲಿ ನಾಲ್ಕು ರಾತ್ರಿ, ಕೊನೆಯ ಒಂದು ರಾತ್ರಿ ಲೂಸರ್ನ್‌ನಲ್ಲಿ ಉಳಿದು ರಿಗಿಯನ್ನು ಬೆಳಿಗ್ಗೆಯೇ ಹತ್ತುತ್ತೇನೆ.

ವಿಮಾನ ನಿಲ್ದಾಣದಲ್ಲಿ ಕುಳಿತು ಯಜಮಾನರ ಟಿಕೆಟ್ಟುಗಳನ್ನೆಲ್ಲ ಕೂಡಿಸಿದೆ. ಕಾರ್ಡು, ಯುಂಗ್‌ಫ್ರಾಯೋಕ್, ಬಾಲೆನ್‌ಬೆರ್ಗ್ ಸೇರಿ 450 ಫ್ರಾಂಕಿಗೆ ಸ್ವಲ್ಪ ಕಡಿಮೆ ಬಂತು. ಅವರೂ ಟ್ರಾವೆಲ್ ಪಾಸ್ ಕೊಂಡಿದ್ದರೆ ಯುಂಗ್‌ಫ್ರಾಯೋಕ್‌ನ ಹೆಚ್ಚಿನ ಟಿಕೆಟ್ಟು ಕೂಡಿ 520 ದಾಟುತ್ತಿತ್ತು. ನಾನು ಮತ್ತು ಅತ್ತೆ ಬಾಲೆನ್‌ಬೆರ್ಗ್‌ನ ಪ್ರವೇಶವನ್ನೂ ಹಿಡಿದು ನೋಡಿದರೆ ಹಾಫ್ ಫೇರ್‌ಗಿಂತ ಮೂವತ್ತು ಫ್ರಾಂಕಿನಷ್ಟು ಹೆಚ್ಚು ಕೊಟ್ಟಂತಾಯಿತು. ಅತ್ತೆಯವರಿಗೆ ಮುಂದಿನ ಸಲವೂ ಅದೇ ಪಾಸ್ ಕೊಳ್ಳುತ್ತೇನೆ.

ಊರಿಗೆ ಬಂದ ಮೇಲೆ ನನ್ನ ನಾದಿನಿ ತನ್ನ ಪ್ರವಾಸಕ್ಕೆಂದು ಅದೇ ಹಾಳೆಯನ್ನು ತೆಗೆದುಕೊಂಡು ಹೋದಳು. ಅವಳು ಲೂಸರ್ನ್, ಇಂಟರ್ಲಾಕೆನ್, ಜರ್ಮಾಟ್, ಮಾಂತ್ರೂ ಎಂದು ಎಂಟು ದಿನದಲ್ಲಿ ನಾಲ್ಕು ಊರುಗಳಲ್ಲಿ ಉಳಿದು ಜಿನೀವಾದಿಂದ ವಿಮಾನ ಹತ್ತುವವಳು; ಯುಂಗ್‌ಫ್ರಾಯೋಕ್ ಅವಳ ಪಟ್ಟಿಯಲ್ಲಿಲ್ಲ. ನಾನು ಬರೆದಿದ್ದ ಊರುಗಳನ್ನು ಅಳಿಸಿ ಅವಳ ಊರುಗಳನ್ನು ಬರೆದು ಇಬ್ಬರೂ ಕೂತು ಮತ್ತೆ ಕೂಡಿಸಿದೆವು. ಅವಳ ಹಾಳೆಯಲ್ಲಿ ಮೊದಲ ನಾಲ್ಕು ಸಾಲು ಬರೆಯುವಷ್ಟರಲ್ಲೇ ಟ್ರಾವೆಲ್ ಪಾಸ್ ಗೆದ್ದಿತು.